ಮೊದಲು ಕೂರಿಸಿ, ಆಮೇಲೆ ಅಳೆಯಿರಿ

ಕೇಳುಗರಿಗೆ ನಮಸ್ಕಾರ.

ರೇಡಿಯೋ ಪಕ್ಕದಲ್ಲಿ ಕೂತವರೆಲ್ಲ ಈಗ ಒಂದು ಕೆಲಸ ಮಾಡಿ. ಕೈಯಲ್ಲಿ ಲೋಟವೋ ಸೌಟೋ ಇದ್ದರೆ ಕೆಳಗಿಡಿ. ಬಲಗೈ ಮಣಿಕಟ್ಟನ್ನು ಅಂಗೈ ಕಡೆಗೆ ಎಷ್ಟು ಬಗ್ಗುತ್ತದೋ ಅಷ್ಟು ಬಗ್ಗಿಸಿ. ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿ ಮಾಡಿ. ಆಗುತ್ತಿಲ್ಲ, ಅಲ್ವಾ? ಬೆರಳು ಪೂರ್ತಿ ಮಡಚುವುದೇ ಕಷ್ಟ. ಈಗ ಮಣಿಕಟ್ಟು ನೇರ ಮಾಡಿ, ಒಂಚೂರು ಹಿಂದಕ್ಕೆ ಎತ್ತಿ. ಮತ್ತೆ ಮುಷ್ಟಿ ಹಿಡಿಯಿರಿ. ನೋಡಿ, ಕಲ್ಲಿನ ಹಾಗೆ ಬಿಗಿಯಾಯಿತು.

ಅದೇ ಕೈ, ಅದೇ ಮನುಷ್ಯ. ಅರ್ಧ ನಿಮಿಷದಲ್ಲಿ ನಿಮ್ಮ ಬಲ ಹೆಚ್ಚಲಿಲ್ಲ. ಕೈ ಇಟ್ಟ ರೀತಿ ಬದಲಾಯಿತು, ಅಷ್ಟೆ. ಇವತ್ತು ನಾನು ಹೇಳುವುದು ಇದೊಂದೇ ಮಾತು. ವಯಸ್ಸಾದವರ ಕೈ ಹಿಡಿತ ಅಳೆಯುವಾಗ ಮೊದಲು ಕೂರಿಸಿ, ಆಮೇಲೆ ಅಳೆಯಿರಿ.

ಇನ್ನೊಂದು ಸಣ್ಣ ಪರೀಕ್ಷೆ. ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು, ಮೊಣಕೈ ಹತ್ತಿರ, ಹಿಡಿದುಕೊಳ್ಳಿ. ಬಲಗೈ ಮುಷ್ಟಿ ಕಟ್ಟಿ, ಬಿಡಿ, ಕಟ್ಟಿ. ಒಳಗೆ ಒಂದು ಗಡ್ಡೆ ಎದ್ದು ಕೂರುತ್ತದೆ, ಗೊತ್ತಾಯಿತಾ? ಬೆರಳನ್ನು ಮಡಚುವ ದೊಡ್ಡ ಮಾಂಸಖಂಡಗಳು ಬೆರಳಲ್ಲಿ ಇಲ್ಲ. ಅಲ್ಲಿವೆ, ಮುಂಗೈಯಲ್ಲಿ. ಅಲ್ಲಿಂದ ಹಗ್ಗದ ಹಾಗೆ ಸ್ನಾಯುರಜ್ಜುಗಳು ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟು ಬಗ್ಗಿದರೆ ಹಗ್ಗ ಸಡಿಲ. ಸಡಿಲ ಹಗ್ಗದಲ್ಲಿ ಬಾವಿಯಿಂದ ಕೊಡ ಎಳೆಯಲು ಆಗುತ್ತದೆಯೇ?

ಕೈ ಹಿಡಿತವನ್ನು ಯಾಕೆ ಅಳೆಯಬೇಕು ಅಂತ ಕೇಳುತ್ತೀರಿ. ವಯಸ್ಸಾದ ಹಾಗೆ ಮೈಯ ಮಾಂಸಖಂಡ ಕರಗುತ್ತದೆ. ಅದಕ್ಕೆ ಡಾಕ್ಟರುಗಳು ಸಾರ್ಕೋಪೀನಿಯಾ ಅನ್ನುತ್ತಾರೆ. ಅದು ಶುರುವಾಗಿದೆಯಾ ಇಲ್ಲವಾ ಅಂತ ತಿಳಿಯಲು ಮುಷ್ಟಿ ಬಹಳ ಒಳ್ಳೆಯ ಕಿಟಕಿ. ಸೂಜಿ ಬೇಡ, ರಕ್ತ ಬೇಡ, ಐದೇ ನಿಮಿಷ. ನಮ್ಮ ದೇಶವೂ ಸೇರಿ 17 ದೇಶಗಳಲ್ಲಿ, 35ರಿಂದ 70 ವರ್ಷದ ಸುಮಾರು 1 ಲಕ್ಷ 40 ಸಾವಿರ ಜನರ ಹಿಡಿತ ಅಳೆದು, ವರ್ಷಗಟ್ಟಲೆ ಅವರನ್ನು ಗಮನಿಸಿದ ದೊಡ್ಡ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪ್ಯೂರ್ ಅಂತ ಅದರ ಹೆಸರು. ಹಿಡಿತ ಕಡಿಮೆಯಾದ ಪ್ರತಿ 5 ಕಿಲೋಗೆ ಸಾವಿನ ಅಪಾಯ 16 ಶೇಕಡಾ ಜಾಸ್ತಿ ಕಂಡಿತು. 5 ಕಿಲೋ! ಈ ಅಂಕಿ ನೆನಪಿಡಿ. ಯಾಕೆಂದರೆ ಕೈ ತಪ್ಪಾಗಿ ಇಟ್ಟರೂ 5 ಕಿಲೋ ಹೋಗಬಹುದು.

ಏಷ್ಯಾದ ತಜ್ಞರ ಗುಂಪು 2019ರಲ್ಲಿ ಒಂದು ಗೆರೆ ಹಾಕಿಕೊಟ್ಟಿದೆ. ಗಂಡಸರಿಗೆ 28 ಕಿಲೋಗಿಂತ ಕಡಿಮೆ, ಹೆಂಗಸರಿಗೆ 18 ಕಿಲೋಗಿಂತ ಕಡಿಮೆ ಬಂದರೆ ಹಿಡಿತ ಸಾಲದು ಅಂತ ಲೆಕ್ಕ. ಒಂದೆರಡು ಕಿಲೋ ಆಚೀಚೆ ಆದರೂ ಒಬ್ಬರು ಗೆರೆಯ ಈ ಕಡೆಯಿಂದ ಆ ಕಡೆಗೆ ಹೋಗಿಬಿಡುತ್ತಾರೆ. ಹಾಗೆ ಹೋದ ಒಬ್ಬ ಅಜ್ಜಿಯ ಕಥೆ ಹೇಳಲೇಬೇಕು.

ಧಾರವಾಡ ಸೀಮೆಯ ಒಂದು ಹಳ್ಳಿ. ಗುಡಿ ಪಕ್ಕದ ಪಡಸಾಲೆಯಲ್ಲಿ ಆರೋಗ್ಯ ಶಿಬಿರ. ಬಿಪಿ ಒಂದು ಟೇಬಲ್, ಸಕ್ಕರೆ ಒಂದು ಟೇಬಲ್, ಹಿಡಿತದ ಮೀಟರ್ ಒಂದು ಟೇಬಲ್. ಹಿರಿಯರು ಸಾಲಾಗಿ ನಿಂತಿದ್ದರು. ಬಂದವರ ಕೈಗೆ ಮೀಟರ್ ಕೊಟ್ಟು, ಒತ್ತಿ ಅಂದು, ಮುಳ್ಳು ನೋಡಿ ಬರೆದು, ಮುಂದಿನವರನ್ನು ಕರೆಯುವುದು. ಆ ಅಜ್ಜಿಗೆ 9 ಕಿಲೋ ಬಂತು. ಚೀಟಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆದು ಗೆರೆ ಎಳೆದು ಕೊಟ್ಟರು.

ಎರಡು ವಾರ ಬಿಟ್ಟು ನಾನು ಆ ಚೀಟಿಗಳನ್ನು ಹಿಡಿದು ಮನೆಮನೆಗೆ ಹೋದೆ. ಅಜ್ಜಿಯ ಮನೆಯಲ್ಲಿ ದೊಡ್ಡ ಬದಲಾವಣೆ ಆಗಿತ್ತು. ಮಗ ಪೇಟೆಗೆ ಹೋಗಿ ಪ್ರೋಟೀನ್ ಪುಡಿಯ ಡಬ್ಬ ತಂದಿದ್ದ. ಅದು ದುಬಾರಿ, ಅಜ್ಜಿಯೊಬ್ಬರಿಗೇ. ಅದು ಹೋಗಲಿ. ನಲವತ್ತೈವತ್ತು ವರ್ಷ ಜೋಳದ ರೊಟ್ಟಿ ತಟ್ಟಿದ ಕೈಗೆ ರೊಟ್ಟಿ ಬಿಡಿಸಿದ್ದರು. ನೀರು ತರಬೇಡ, ಎತ್ತಬೇಡ, ಸುಮ್ನೆ ಕೂತಿರು ಅಂದಿದ್ದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಕೂರಿಸಿದರೆ ಇರುವ ಮಾಂಸಖಂಡವೂ ಹೋಗುತ್ತದೆ, ಅದು ಅವರಿಗೆ ಗೊತ್ತಿರಲಿಲ್ಲ.

ನಾನು ಹೋದಾಗ ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ಹಿತ್ತಲಲ್ಲಿ ಸದ್ದು. ಹೋಗಿ ನೋಡಿದರೆ, ಸೊಸೆ ಹೊಲಕ್ಕೆ ಹೋದದ್ದೇ ತಡ, ಅಜ್ಜಿ ಕೌದಿ ಒಗೆದು ಹಿಂಡುತ್ತಿದ್ದಾರೆ. ಕೌದಿ ಅಂದರೆ ಗೊತ್ತಲ್ಲ, ಹಳೆ ಸೀರೆಗಳನ್ನು ಪದರ ಪದರ ಹೊಲಿದ ಹೊದಿಕೆ. ನೀರು ಕುಡಿದರೆ ಒಬ್ಬರಿಂದ ಎತ್ತಲಾಗುವುದಿಲ್ಲ. ಒಂದು ತುದಿಯನ್ನು ಕಂಬಕ್ಕೆ ಸುತ್ತಿ, ಇನ್ನೊಂದು ತುದಿ ಎರಡೂ ಕೈಯಲ್ಲಿ ಹಿಡಿದು ತಿರುಚುತ್ತಿದ್ದರು. ನೀರು ಧಾರೆಯಾಗಿ ಇಳಿಯುತ್ತಿತ್ತು. ನಾನು ಹಾಗೇ ನಿಂತುಬಿಟ್ಟೆ. ಇದು 9 ಕಿಲೋ ಕೈ ಅಲ್ಲ!

"ಅಜ್ಜಿ, ಶಿಬಿರದಾಗ ಜೋರು ಒತ್ತಲಿಲ್ಲೇನು?" ಅಂತ ಕೇಳಿದೆ.

"ಒತ್ತಿದೆ ಯವ್ವಾ. ಅದು ಅಲ್ಲಾಡಲೇ ಇಲ್ಲ. ಇನ್ನೂ ಒತ್ತಿದ್ರ ಮುರಿದೀತು ಅಂತ ಬಿಟ್ಟೆ. ಮುರಿದ್ರ ರೊಕ್ಕ ಯಾರು ಕೊಡಬೇಕು?"

ಕೇಳಿದಿರಾ? ಆ ಹಿಡಿತದ ಮೀಟರ್ ದ್ರವದ ಒತ್ತಡದಿಂದ ಅಳೆಯುವಂಥದ್ದು, ಡೈನಮೋಮೀಟರ್ ಅಂತಾರೆ. ಅದರ ಹಿಡಿಕೆ ಎಷ್ಟು ಒತ್ತಿದರೂ ಕಣ್ಣಿಗೆ ಕಾಣುವಷ್ಟು ಅಲ್ಲಾಡುವುದಿಲ್ಲ. ಅದರ ರಚನೆಯೇ ಹಾಗೆ. ಅಲ್ಲಾಡದಿದ್ದರೆ ಜನ ಕೆಟ್ಟಿದೆ ಅಂದುಕೊಂಡು ಕೈ ಬಿಡುತ್ತಾರೆ. ಇದನ್ನು ಮೊದಲೇ ಹೇಳಬೇಕಿತ್ತು. ಯಾರೂ ಹೇಳಿರಲಿಲ್ಲ. ಇನ್ನೂ ವಿಚಾರಿಸಿದೆ. ನಿಂತೇ ಒತ್ತಿಸಿದ್ದರು. ಇನ್ನೊಂದು ಕೈಯಲ್ಲಿ ಚೀಲ. ಮೀಟರಿನ ತೂಕವೇ ಮುಕ್ಕಾಲು ಕಿಲೋ ಹತ್ತಿರ, ಅದನ್ನೂ ಅವರೇ ಹೊತ್ತಿದ್ದರು, ಮಣಿಕಟ್ಟು ಕೆಳಗೆ ಜೋತಿತ್ತು. ಕೈತುಂಬ ಹಸಿರು ಗಾಜಿನ ಬಳೆ, ಅವು ಒಡೆದಾವು ಅನ್ನುವ ಹೆದರಿಕೆ ಬೇರೆ. ಹಿಡಿಕೆಯನ್ನು ಹತ್ತಿರ ದೂರ ಮಾಡಲು ಮೀಟರಿನಲ್ಲಿ ಹಲ್ಲುಗಳಿವೆ, ಅದನ್ನು ನಾಲ್ಕನೇ ಹಲ್ಲಿಗೆ, ಅಂದರೆ ದೂರಕ್ಕೆ, ಇಟ್ಟಿದ್ದರು. ಮುಂಚೆ ಬಂದ ದೊಡ್ಡ ಕೈಯವರಿಗೆ ಹಾಕಿದ್ದು, ಬದಲಿಸಿರಲಿಲ್ಲ. ಅಜ್ಜಿಯ ಬೆರಳ ತುದಿ ಮಾತ್ರ ಹಿಡಿಕೆಗೆ ಸಿಕ್ಕಿತ್ತು. ಒತ್ತಿಸಿದ್ದೂ ಒಂದೇ ಸಲ.

ಪಕ್ಕದ ಶಾಲೆಯಿಂದ ಕೈ ಇರುವ ಕುರ್ಚಿ ತರಿಸಿದೆ. ಬೆನ್ನು ಒರಗಿಸಿ ಕೂರಿಸಿದೆ. ಎರಡೂ ಪಾದ ನೆಲದ ಮೇಲೆ. ಭುಜ ಸಡಿಲ, ಮೊಣಕೈ ಮೈ ಪಕ್ಕದಲ್ಲಿ, ಮಡಚಿ ಮೂಲೆ ಮಾಡಿದ ಹಾಗೆ, 90 ಡಿಗ್ರಿ. ಮುಂಗೈ ಕುರ್ಚಿಯ ಕೈ ಮೇಲೆ, ಮಣಿಕಟ್ಟು ಅದರ ತುದಿಯಿಂದ ಸ್ವಲ್ಪ ಆಚೆ. ಹೆಬ್ಬೆರಳು ಮೇಲಕ್ಕೆ, ಲೋಟ ಹಿಡಿದ ಹಾಗೆ. ಬಳೆಯನ್ನು ಮೇಲಕ್ಕೆ ಸರಿಸಿ ಸೆರಗಿನ ತುದಿಯಿಂದ ಸುತ್ತಿದೆ. ಹಿಡಿಕೆ ಎರಡನೇ ಹಲ್ಲಿಗೆ. ಮೀಟರಿನ ಅಡಿಗೆ ನನ್ನ ಕೈ ಕೊಟ್ಟು ತೂಕ ನಾನು ತೆಗೆದುಕೊಂಡೆ. ಮೊದಲು ನಾನೇ ಒತ್ತಿ ತೋರಿಸಿದೆ. "ಇದು ಅಲ್ಲಾಡೂದಿಲ್ಲ, ಮುರಿಯೂದೂ ಇಲ್ಲ. ಕೌದಿ ಹಿಂಡಿದಂಗ ಹಿಂಡ್ರಿ" ಅಂದೆ. ಉಸಿರು ಕಟ್ಟಬೇಡಿ ಅಂತಲೂ ಹೇಳಿದೆ. ಮುಳ್ಳು ಏರುವುದು ನಿಲ್ಲುವ ತನಕ ಒತ್ತಿ, ಒತ್ತಿ, ಒತ್ತಿ ಅಂತ ಕೂಗಿದೆ.

ಬಲಗೈ 17. ಎಡಗೈ 16. ಮತ್ತೆ ಬಲ, 19. ಎಡ, 17. ಬಲ, 18. ಎಡ, 16. ಒಂದು ಬಲ ಒಂದು ಎಡ ಅಂತ ಮಾಡಿದರೆ ಕೈಗೆ ವಿಶ್ರಾಂತಿ ಸಿಗುತ್ತದೆ. ಆರರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದೋ ಅದೇ ಲೆಕ್ಕ. 19 ಕಿಲೋ. ಗೆರೆಗಿಂತ ಮೇಲೆ. ಎರಡು ವಾರ ಆ ಮನೆಯವರೆಲ್ಲ ಹೆದರಿದ್ದು ಒಂದು ಕುರ್ಚಿ ಇಲ್ಲದ್ದಕ್ಕೆ. ಸಾಯಂಕಾಲ ಹೊಲದಿಂದ ಬಂದ ಸೊಸೆಗೆ ಎಲ್ಲ ಹೇಳಿದೆ. ಮಾರನೇ ದಿನ ಅಜ್ಜಿ ಒಲೆ ಮುಂದೆ ಕೂತರು.

ಶಿಬಿರ ನಡೆಸುವವರು ನನಗೆ ಹೇಳುತ್ತಾರೆ, ಗಂಟೆಗೆ ಅರವತ್ತು ಜನ ಆಗಬೇಕು ಮೇಡಂ, ಕೂರಿಸುತ್ತಾ ಹೋದರೆ ಹೇಗೆ ಅಂತ. ಅರವತ್ತು ಸುಳ್ಳು ಅಂಕಿ ಯಾರಿಗೆ ಬೇಕು ಹೇಳಿ? ಹನ್ನೆರಡು ಜನರದ್ದು ಮಾಡಿ, ಸರಿಯಾಗಿ ಮಾಡಿ. ಮೊದಲು ಕೂರಿಸಿ, ಆಮೇಲೆ ಅಳೆಯಿರಿ.

ಸಮಯ ಕಡಿಮೆ ಉಳಿದಿದೆ, ಬೇಗ ಬೇಗ ಹೇಳುತ್ತೇನೆ. ಸ್ಪ್ರಿಂಗ್ ಇರುವ ಇನ್ನೊಂದು ಜಾತಿಯ ಮೀಟರ್ ಇದೆ, ಸ್ಮೆಡ್ಲಿ ಅಂತ. 2017-18ರಲ್ಲಿ ದೇಶದ ಹಿರಿಯರ ದೊಡ್ಡ ಸಮೀಕ್ಷೆಗೆ ಅದನ್ನೇ ಬಳಸಿದರು. ಏಷ್ಯಾದ ತಜ್ಞರು ಅದನ್ನು ನಿಂತು, ಕೈ ನೀಳ ಬಿಟ್ಟು ಒತ್ತಿಸಿ ಅನ್ನುತ್ತಾರೆ. ಹಾಗಾದರೆ ಅದರಲ್ಲಿ ಹಾಗೇ ಮಾಡಿ. ಆದರೆ ಒಂದು ಸಲ ಆ ಮೀಟರ್, ಇನ್ನೊಂದು ಸಲ ಈ ಮೀಟರ್ ಅಂತ ಮಾಡಿ ಎರಡನ್ನೂ ಹೋಲಿಸಬೇಡಿ.

ಮೀಟರ್ ಮುಖದ ಮೇಲೆ ಎರಡು ಸಾಲು ಅಂಕಿ ಇರುತ್ತದೆ, ಒಂದು ಕಿಲೋ, ಒಂದು ಪೌಂಡ್. ಒಬ್ಬ ತಾತನಿಗೆ 40 ಅಂತ ಬರೆದಿದ್ದರು, ಮನೆಯವರಿಗೆಲ್ಲ ಖುಷಿ. ಅದು ಪೌಂಡ್. ಕಿಲೋ ಲೆಕ್ಕದಲ್ಲಿ 18. ನಿಜವಾಗಿ ಸಹಾಯ ಬೇಕಿದ್ದದ್ದು ಆ ತಾತನಿಗೆ, ನಾಲ್ಕು ತಿಂಗಳು ತಡವಾಯಿತು. ದಯವಿಟ್ಟು ಯಾವ ಸಾಲು ಅಂತ ನೋಡಿ.

ಪ್ರತಿ ಸಲ ಮುಳ್ಳನ್ನು ಸೊನ್ನೆಗೆ ತನ್ನಿ. ಉಂಗುರ ತೆಗೆಸಿ. ಕಿವಿ ಕೇಳದವರಿಗೆ ಒತ್ತಿ ತೋರಿಸಿ. ಕೈಗೆ ಹೊಸದಾಗಿ ಆಪರೇಷನ್ ಆದವರಿಗೆ ಮಾಡಿಸಲೇಬೇಡಿ. ಸಂಧಿವಾತದಿಂದ ಬೆರಳು ನೋಯುವವರಿಗೆ ರಬ್ಬರ್ ಚೆಂಡು ಹಿಂಡುವ ಬೇರೆ ಮೀಟರ್ ಇದೆ. ಮೀಟರನ್ನು ವರ್ಷಕ್ಕೊಮ್ಮೆ ಸರಿ ನೋಡಿಸಿ, ಕೆಳಗೆ ಬಿದ್ದರೆ ಅವತ್ತೇ ನೋಡಿಸಿ.

ಮನೆಯಲ್ಲಿ ಕೇಳುತ್ತಿರುವ ಮಕ್ಕಳು, ಸೊಸೆಯಂದಿರು ಮೀಟರ್ ಕೊಳ್ಳಬೇಕಿಲ್ಲ. ನಿಮ್ಮ ಅಪ್ಪ ಅಮ್ಮನನ್ನು ಅಳೆಸಲು ಕರೆದುಕೊಂಡು ಹೋದಾಗ ಒಂದೇ ಪ್ರಶ್ನೆ ಕೇಳಿ: ಕುರ್ಚಿ ಎಲ್ಲಿದೆ?

ಆ ಅಜ್ಜಿಯ ಚೀಟಿಯ ಹಿಂದೆ ನಾನು ಹೀಗೆ ಬರೆದಿಟ್ಟಿದ್ದೆ. ಕೈ ಇರುವ ಕುರ್ಚಿ, ಎರಡನೇ ಹಲ್ಲು, ಬೆಳಗ್ಗೆ 11 ಗಂಟೆ, ಬಲದಿಂದ ಶುರು, ಆರು ಸಲ, ಕಿಲೋ. ಆರು ತಿಂಗಳ ಮೇಲೆ ನಾನು ಹೋಗಲಾಗಲಿಲ್ಲ. ಊರಿನ ಆಶಾ ಕಾರ್ಯಕರ್ತೆ ಆ ಚೀಟಿ ಓದಿಕೊಂಡು, ಅದೇ ಶಾಲೆಯ ಕುರ್ಚಿ ತರಿಸಿ, ಬಳೆಗೆ ಸೆರಗು ಸುತ್ತಿ ಅಳೆದು ನನಗೆ ಫೋನ್ ಮಾಡಿದರು. ಮತ್ತೆ 19 ಬಂದಿತ್ತು.

ನಮಸ್ಕಾರ.