ಟ್ಯಾಕ್ಸ್ ಪೇಪರ್ ಶನಿವಾರ: ಡಬ್ಲ್ಯೂ-2, 1099, 1040, ಜೊತೆಗೆ ಅಮ್ಮನ ಓಟಿಪಿ

ನಮಸ್ಕಾರ, ಎಲ್ರೂ ಹೇಗಿದೀರ? ಹೊರಗಡೆ ನೋಡಿ, ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಇವತ್ತು ಕಾರು ಎಲ್ಲಿದೆ ಅಂತಾನೂ ಕಾಣ್ತಿಲ್ಲ, ಅಷ್ಟು ಹಿಮ. ಎಲ್ಲೂ ಹೋಗೋಕಾಗಲ್ಲ, ಅದಕ್ಕೇ ಟ್ಯಾಕ್ಸ್ ಲಕೋಟೆಗಳನ್ನೆಲ್ಲ ಟೇಬಲ್ ಮೇಲೆ ಸುರ್ಕೊಂಡಿದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಸಿಪಿಎ, ಅಂದ್ರೆ ಇಲ್ಲಿನ ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಹತ್ತು ವರ್ಷದಿಂದ ನಮ್ಮನೆ ಫೈಲಿಂಗ್ ನಾನೇ ಮಾಡ್ತಿರೋದು, ಗೊತ್ತಿರೋದು ನಮ್ಮನೆ ಲೆಕ್ಕ ಅಷ್ಟೇ.

ಇದು ಡಬ್ಲ್ಯೂ-2, ವರ್ಷದ ಸಂಬಳದ ಲೆಕ್ಕ. ಸಂಬಳ ಕೊಡೋರು ಜನವರಿ ಮುಗಿಯೋದ್ರೊಳಗೆ ಕಳಿಸ್ಬೇಕು. ನಂಬರುಗಳನ್ನ ಮಸುಕು ಮಾಡಿದೀನಿ, ಝೂಮ್ ಮಾಡೋಕೆ ಹೋಗ್ಬೇಡಿ. ಒಂದನೇ ಬಾಕ್ಸು ಟ್ಯಾಕ್ಸ್ ಬೀಳೋ ಸಂಬಳ, ಎರಡನೇದು ಈಗಾಗ್ಲೇ ಹಿಡ್ಕೊಂಡಿರೋ ಫೆಡರಲ್ ಟ್ಯಾಕ್ಸು. ಮೂರನೇದು ಸೋಷಿಯಲ್ ಸೆಕ್ಯೂರಿಟಿ, ಅಂದ್ರೆ ಸರ್ಕಾರಿ ಪೆನ್ಶನ್ ಲೆಕ್ಕದ ಸಂಬಳ. ಒಂದಕ್ಕೂ ಮೂರಕ್ಕೂ ಯಾಕೆ ತಾಳೆ ಆಗಲ್ಲ ಅಂತ ಹೊಸಬರು ಗಾಬರಿ ಆಗ್ತಾರೆ. 401ಕೆ ಅನ್ನೋ ನಿವೃತ್ತಿ ಉಳಿತಾಯಕ್ಕೆ ಹಾಕಿದ ದುಡ್ಡು ಒಂದನೇ ಬಾಕ್ಸಿಂದ ಕಳೀತಾರೆ, ಮೂರನೇದ್ರಿಂದ ಕಳೆಯಲ್ಲ. ಸೋಷಿಯಲ್ ಸೆಕ್ಯೂರಿಟಿಗೆ ಅದೂ ಸಂಬಳಾನೇ. 12ನೇ ಬಾಕ್ಸಲ್ಲಿ ‘ಡಿ’ ಅಂತ ಇದ್ರೆ ಆ 401ಕೆ ದುಡ್ಡು. ‘ಡಿಡಿ’ ಅಂದ್ರೆ ಹೆಲ್ತ್ ಇನ್ಶೂರೆನ್ಸಿಗೆ ಆಗಿರೋ ಒಟ್ಟು ಖರ್ಚು. ಆ ಮೊತ್ತ ನೋಡಿ ಎದೆ ಒಡ್ಕೋಬೇಡಿ, ಅದಕ್ಕೆ ಟ್ಯಾಕ್ಸಿಲ್ಲ, ಸುಮ್ನೆ ತಿಳಿಸೋಕೆ ಹಾಕಿರ್ತಾರೆ.

ಈ ಕಡೆ ಇರೋದೆಲ್ಲ 1099 ಕುಟುಂಬ, ಸಂಬಳ ಅಲ್ಲದ ಆದಾಯದ ಚೀಟಿಗಳು. ಬ್ಯಾಂಕು 10 ಡಾಲರ್ ಬಡ್ಡಿ ಕೊಟ್ರೂ 1099-ಐಎನ್‌ಟಿ ಕಳಿಸುತ್ತೆ. ಡಿವಿಡೆಂಡಿಗೆ ಡಿಐವಿ, ಷೇರು ಮಾರಿದ್ರೆ ಬಿ, ಕಾಂಟ್ರಾಕ್ಟ್ ಕೆಲಸಕ್ಕೆ ಎನ್‌ಇಸಿ. ಬಿ ಮಾತ್ರ ಯಾವಾಗ್ಲೂ ಲೇಟು, ಫೆಬ್ರವರಿ ಮಧ್ಯಕ್ಕೆ ಬರುತ್ತೆ. ಆಮೇಲೆ ಮಾರ್ಚಲ್ಲಿ ‘ಕರೆಕ್ಟೆಡ್’ ಅಂತ ಇನ್ನೊಂದು ಬಂದ್ರೂ ಬಂತು. ಅದಕ್ಕೇ ಫೆಬ್ರವರಿ ಒಂದನೇ ತಾರೀಕಿಗೇ ಫೈಲ್ ಮಾಡಿ ರೀಫಂಡ್ ಬಂತು ಅಂತ ಸ್ಟೇಟಸ್ ಹಾಕೋರನ್ನ ಕಂಡ್ರೆ ನಂಗಾಗಲ್ಲ.

ಆರ್‌ಎಸ್‌ಯು, ಅಂದ್ರೆ ಕಂಪನಿ ಸಂಬಳದ ಜೊತೆ ಕೊಡೋ ಷೇರು, ಇರೋರು ಸ್ವಲ್ಪ ನಿಂತು ಕೇಳಿ. ಷೇರು ನಿಮ್ಮ ಕೈಗೆ ಬಂದ ದಿನದ ಬೆಲೆ ಆಗ್ಲೇ ಡಬ್ಲ್ಯೂ-2 ಸಂಬಳದಲ್ಲಿ ಸೇರಿರುತ್ತೆ. ಆದ್ರೆ ಬ್ರೋಕರ್ ಕಳಿಸೋ 1099-ಬಿಯಲ್ಲಿ ಎಷ್ಟೋ ಸಲ ಕೊಂಡ ಬೆಲೆ ಸೊನ್ನೆ ಅಂತಾನೋ, ಖಾಲಿಯಾಗೋ ಇರುತ್ತೆ. ಹಾಗೇ ಹಾಕಿಬಿಟ್ರೆ ಒಂದೇ ದುಡ್ಡಿಗೆ ಎರಡು ಸಲ ಟ್ಯಾಕ್ಸ್. 8949 ಅನ್ನೋ ಫಾರ್ಮಲ್ಲಿ ಅದನ್ನ ಸರಿಪಡಿಸ್ಬೇಕು. ಬ್ರೋಕರ್ ಸೈಟಲ್ಲಿ ‘ಸಪ್ಲಿಮೆಂಟಲ್’ ಅಂತ ಒಂದು ಪಿಡಿಎಫ್ ಅಡಗಿಸಿಟ್ಟಿರ್ತಾರೆ, ಹುಡುಕಿ. ಇನ್ನೊಂದು, ಆರ್‌ಎಸ್‌ಯುಗೆ ಸಾಮಾನ್ಯವಾಗಿ 22 ಪರ್ಸೆಂಟ್ ಅಷ್ಟೇ ಹಿಡ್ಕೊಳ್ಳೋದು. ನೀವು 24ರ ಅಥವಾ 32ರ ಸ್ಲ್ಯಾಬಲ್ಲಿದ್ರೆ ಉಳಿದಿದ್ದನ್ನ ಏಪ್ರಿಲಲ್ಲಿ ನೀವೇ ಕಟ್ಟೋದು. ‘ಟ್ಯಾಕ್ಸ್ ಕಟ್ ಆಗಿತ್ತಲ್ಲಾ’ ಅಂತ ಗಂಡ ಹೆಂಡ್ತಿ ಜಗಳ ಆಡ್ಬೇಡಿ.

ಚಿತ್ರಾನ್ನ ತಣ್ಣಗಾಗ್ತಿದೆ, ಒಂದು ನಿಮಿಷ.

ಹಾಂ. ಈಗ ನಿಜವಾದ ಫಾರ್ಮು, 1040, ಅಂದ್ರೆ ವರ್ಷದ ಟ್ಯಾಕ್ಸ್ ರಿಟರ್ನ್. ಇಲ್ಲಿ ಎಲ್ರೂ ಟೆನ್ ಫಾರ್ಟಿ ಅಂತಾರೆ. ನೀವು ತುಂಬೋ ಮುಖ್ಯ ಫಾರ್ಮು ಇದೊಂದೇ. ಡಬ್ಲ್ಯೂ-2, 1099 ಎಲ್ಲಾ ಬೇರೆಯವರು ತುಂಬಿ ನಿಮಗೊಂದು ಪ್ರತಿ, ಸರ್ಕಾರಕ್ಕೊಂದು ಪ್ರತಿ ಕಳಿಸಿರ್ತಾರೆ. ಐಆರ್‌ಎಸ್‌ಗೆ, ಅಂದ್ರೆ ಇಲ್ಲಿನ ಟ್ಯಾಕ್ಸ್ ಇಲಾಖೆಗೆ, ಆಗ್ಲೇ ಗೊತ್ತಿರೋದನ್ನ ನಾವು ಮತ್ತೆ ಬರೆದು ಒಪ್ಪಿಸೋದು, ಬಾಯಿಪಾಠ ಮೇಷ್ಟ್ರಿಗೆ ಒಪ್ಪಿಸಿದ ಹಾಗೆ. ತಪ್ಪು ಹೇಳಿದ್ರೆ ಅವ್ರು ಹಿಡೀತಾರೆ. ಸರಿ ಉತ್ತರ ಏನು ಅಂತ ಮುಂಚೆ ಅವ್ರು ಹೇಳಲ್ಲ. ಅಮೆರಿಕದ ಈ ಪದ್ಧತಿ ನಂಗೆ ಶುದ್ಧ ತಲೆಹರಟೆ ಅನ್ಸುತ್ತೆ.

1913ರ ಲೆಕ್ಕಕ್ಕೆ ಬಂದ ಮೊದಲ 1040, ಸೂಚನೆಗಳೂ ಸೇರಿ ನಾಲ್ಕೇ ಪುಟ ಇತ್ತಂತೆ. ಈಗಲೂ ಫಾರ್ಮು ಎರಡೇ ಪುಟ, ಆದ್ರೆ ಹಿಂದೆ ಷೆಡ್ಯೂಲ್ ಅನ್ನೋ ಜೋಡಣೆ ಹಾಳೆಗಳ ದಿಬ್ಬಣ ಬರುತ್ತೆ. ಮೊದಲು ಸುಲಭದವರಿಗೆ ಅಂತ 1040-ಇಝೆಡ್ ಇತ್ತು, 2018ರ ಲೆಕ್ಕದಿಂದ ತೆಗೆದುಬಿಟ್ರು. ಮೇಲ್ಗಡೆ ಕ್ರಿಪ್ಟೊ ಪ್ರಶ್ನೆ ಕಾಣ್ತಿದೆಯಲ್ಲ, ನಿಮ್ಮತ್ರ ಏನೂ ಇಲ್ದಿದ್ರೂ ‘ನೋ’ ಅಂತ ಗುರುತು ಹಾಕ್ಲೇಬೇಕು.

ಡಿಡಕ್ಷನ್, ಅಂದ್ರೆ ಟ್ಯಾಕ್ಸ್ ಹಾಕೋ ಮುಂಚೆ ಆದಾಯದಿಂದ ಕಳೆಯೋ ಮೊತ್ತ, ಅದರ ವಿಷಯ ಬೇಗ ಮುಗಿಸ್ತೀನಿ. 2025ರ ಲೆಕ್ಕಕ್ಕೆ ಒಬ್ಬರೇ ಇದ್ರೆ 15,750 ಡಾಲರ್, ದಂಪತಿ ಒಟ್ಟಿಗೆ ಹಾಕಿದ್ರೆ 31,500 ಡಾಲರ್ ಸ್ಟ್ಯಾಂಡರ್ಡ್ ಡಿಡಕ್ಷನ್. ನಾವು ಬಾಡಿಗೆ ಮನೇಲಿರೋದು, ಅಷ್ಟೇ ತಗೊಂಡು ಸುಮ್ನಾಗ್ತೀವಿ. ಇಲ್ಲೇ ಮನೆ ತಗೊಂಡಿರೋ ನನ್ನ ಗೆಳತಿ ಮಾತ್ರ ಈ ಸಲ ಖರ್ಚು ಒಂದೊಂದಾಗಿ ತೋರಿಸೋ ಷೆಡ್ಯೂಲ್ ಎ ಕಡೆ ಹೋಗ್ತಿದಾಳೆ. ಸ್ಟೇಟ್ ಟ್ಯಾಕ್ಸು, ಪ್ರಾಪರ್ಟಿ ಟ್ಯಾಕ್ಸು ಸೇರಿ ಕಳೆಯೋಕೆ 10,000 ಡಾಲರ್ ಇದ್ದ ಮಿತಿ 40,000ಕ್ಕೆ ಏರಿದೆ. ನ್ಯೂಜೆರ್ಸಿ ಪ್ರಾಪರ್ಟಿ ಟ್ಯಾಕ್ಸ್ ಕಟ್ಟೋರಿಗೆ ಇದೇ ಯುಗಾದಿ ಹಬ್ಬ. ಜೊತೆಗೆ 1098ರಲ್ಲಿ ಬರೋ ಮನೆ ಸಾಲದ ಬಡ್ಡಿ ಬೇರೆ.

ಈಗ ಬರೋಣ ನನ್ನ ತಲೆನೋವಿಗೆ. ಇಲ್ಲಿನ ಬ್ಯಾಂಕು 10 ಡಾಲರಿಗೂ ಕಾಗದ ಕಳಿಸುತ್ತೆ. ಊರಿನ ಬ್ಯಾಂಕಿಂದ 1099 ಬರಲ್ಲ, ಬರೋದೂ ಇಲ್ಲ. ಹಾಗಂತ ಬಡ್ಡಿಗೆ ಟ್ಯಾಕ್ಸ್ ಇಲ್ಲ ಅಂತಲ್ಲ. ಅನಿವಾಸಿಗಳು ಹೊರಗಿನ ಗಳಿಕೆ ಇಡೋ ಎನ್‌ಆರ್‌ಇ ಎಫ್‌ಡಿ ಟ್ಯಾಕ್ಸ್ ಫ್ರೀ ಅಂತ ಮಾರ್ತಾರಲ್ಲ, ಅದು ಇಂಡಿಯಾದಲ್ಲಿ ಫ್ರೀ. ಅಮೆರಿಕದ ಟ್ಯಾಕ್ಸ್ ರೆಸಿಡೆಂಟ್ ಆದ್ಮೇಲೆ ಪ್ರಪಂಚದಲ್ಲಿ ಎಲ್ಲಿ ದುಡಿದ ದುಡ್ಡೂ 1040ಕ್ಕೆ ಬರ್ಬೇಕು. ಎಫ್‌ಡಿ ಇನ್ನೂ ಮುರಿದಿಲ್ಲ, ಬಡ್ಡಿ ಕೈಗೇ ಬಂದಿಲ್ಲ ಅಂದ್ರೂ ಆ ವರ್ಷ ಕೂಡಿದ ಬಡ್ಡಿ ಆ ವರ್ಷಕ್ಕೇ.

ಸರಿ, ಎಷ್ಟು ಬಡ್ಡಿ ಅಂತ ಗೊತ್ತಾಗೋದು ಹೇಗೆ? ಬ್ಯಾಂಕಿನ ಇಂಟರೆಸ್ಟ್ ಸರ್ಟಿಫಿಕೇಟು ಏಪ್ರಿಲ್‌ನಿಂದ ಮಾರ್ಚ್. ಅಮೆರಿಕದ ವರ್ಷ ಜನವರಿಯಿಂದ ಡಿಸೆಂಬರ್. ಫೋನ್ ಮಾಡಿದೆ. ಅಲ್ಲಿ ಬೆಳಿಗ್ಗೆ ಹತ್ತೂವರೆ ಅಂದ್ರೆ ಇಲ್ಲಿ ಚಳಿಗಾಲದಲ್ಲಿ ನಡುರಾತ್ರಿ ಹನ್ನೆರಡು. ‘ಮೇಡಂ, ಮಾರ್ಚ್ ಎಂಡಿಂಗ್ ಮುಗೀಲಿ, ಆಮೇಲೆ ಕೊಡ್ತೀವಿ’ ಅಂದ್ರು. ನಂಗೆ ಡಿಸೆಂಬರ್‌ವರೆಗೆ ಸಾಕು ಸಾರ್ ಅಂದೆ. ‘ಡಿಸೆಂಬರ್‌ವರೆಗೆ ಯಾರ್ ಕೇಳ್ತಾರೆ ಮೇಡಂ?’ ಅಂತಾರೆ. ಸರಿ, ನೆಟ್‌ಬ್ಯಾಂಕಿಂಗಲ್ಲಿ ನಾನೇ ತೆಗೀತೀನಿ ಅಂತ ಕೂತ್ರೆ ಓಟಿಪಿ ಹೋಗೋದು ಇಂಡಿಯಾ ನಂಬರಿಗೆ. ಆ ಸಿಮ್ಮು ಶಿವಮೊಗ್ಗದಲ್ಲಿ ಅಮ್ಮನ ಹಳೇ ಫೋನಲ್ಲಿದೆ, ಆ ಫೋನು ದೇವರ ಮನೆ ಗೂಡಲ್ಲಿ.

‘ಅಮ್ಮಾ, ಬೇಗ ಓದು.’ ‘ತಡಿಯೇ, ಕನ್ನಡಕ ಎಲ್ಲಿಟ್ಟೆ...’ ಕನ್ನಡಕ ಸಿಗೋದ್ರೊಳಗೆ ಓಟಿಪಿ ಸತ್ತುಹೋಯ್ತು. ಮತ್ತೆ ಕಳಿಸಿದ್ರೆ ಅಮ್ಮ ಓದಿದ್ದು ರೀಚಾರ್ಜ್ ಮೆಸೇಜಲ್ಲಿರೋ ನಂಬರು. ಅದನ್ನೇ ಒತ್ತಿ ಒತ್ತಿ ಅಕೌಂಟ್ ಲಾಕ್. ಅಪ್ಪ ಹಿಂದಿನಿಂದ ‘ಅದಕ್ಕೇ ಪಾಸ್‌ಬುಕ್ ಎಂಟ್ರಿ ಹಾಕಿಸು ಅನ್ನೋದು’ ಅಂತಿದ್ರು. ತಮಾಷೆ ಏನಂದ್ರೆ ಕೊನೆಗೆ ಗೆದ್ದಿದ್ದು ಅಪ್ಪನೇ. ಪಾಸ್‌ಬುಕ್ ಫೋಟೋ ವಾಟ್ಸಾಪಲ್ಲಿ ಬಂತು, ನೋಡಿ ಇದೇ. ಮೂರು ಮೂರು ತಿಂಗಳಿಗೆ ಬಿದ್ದಿರೋ ಬಡ್ಡಿ ಕೂಡಿಸಿ, ವರ್ಷದ ಸರಾಸರಿ ದರದಲ್ಲಿ ಡಾಲರ್ ಮಾಡಿ ಬಡ್ಡಿ ತೋರಿಸೋ ಷೆಡ್ಯೂಲ್ ಬಿಗೆ ಹಾಕಿದೆ. ಊರಿನ ಆದಾಯ ಇಡೋ ಎನ್‌ಆರ್‌ಒ ಅಕೌಂಟಲ್ಲಿ ಟಿಡಿಎಸ್ ಹಿಡಿದಿದ್ರೆ 1116 ಅನ್ನೋ ಫಾರ್ಮಲ್ಲಿ ಅದಕ್ಕೆ ಕ್ರೆಡಿಟ್ ಕೇಳ್ಬಹುದು.

ಷೆಡ್ಯೂಲ್ ಬಿ ಕೊನೇಲಿ ಹೊರದೇಶದಲ್ಲಿ ಅಕೌಂಟ್ ಇದೆಯಾ ಅಂತ ಕೇಳ್ತಾರೆ. ಇದೆ ಅಂದ್ರೆ ಎಫ್‌ಬಾರ್, ಹೊರದೇಶದ ಅಕೌಂಟುಗಳ ವರದಿ. ಅದು 1040 ಜೊತೆ ಹೋಗಲ್ಲ, ಐಆರ್‌ಎಸ್‌ಗೂ ಹೋಗಲ್ಲ, ಫಿನ್‌ಸೆನ್ ಅನ್ನೋ ಬೇರೆ ಇಲಾಖೆಗೆ ಆನ್‌ಲೈನಲ್ಲೇ. ಎಲ್ಲಾ ಅಕೌಂಟೂ ಸೇರಿ ವರ್ಷದಲ್ಲಿ ಒಂದೇ ಒಂದು ದಿನ 10,000 ಡಾಲರ್ ದಾಟಿದ್ರೂ ಹಾಕ್ಬೇಕು. ಅಮ್ಮನ ಪೆನ್ಶನ್ ಅಕೌಂಟಿಗೆ ಸುಮ್ನೆ ಜಾಯಿಂಟ್ ಅಂತ ನಿಮ್ಮ ಹೆಸರು ಸೇರಿಸಿದಾರಲ್ಲ, ದುಡ್ಡು ನಿಮ್ಮದಲ್ದಿದ್ರೂ ಅದೂ ಲೆಕ್ಕಕ್ಕೆ. ದಂಡ 10,000 ಡಾಲರ್‌ಗೂ ಮೇಲೆ ಹೋಗ್ಬಹುದು. ಬೇಕಂತ ಬಚ್ಚಿಡದೆ ಬಿಟ್ಟವರಿಗೆ ದಂಡ ವರದಿಗೊಂದು, ಅಕೌಂಟಿಗೊಂದಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ಮೇಲೆ ಸ್ವಲ್ಪ ಉಸಿರಾಡೋ ಹಾಗಾಗಿದೆ. ಹಾಗಂತ ಬಿಡೋ ಫಾರ್ಮಲ್ಲ ಇದು. ತುಂಬೋಕೆ ದುಡ್ಡೂ ಕೊಡ್ಬೇಕಾಗಿಲ್ಲ. ಇದಕ್ಕೆ ಬೇರೆ ಫೀಸು ಕೇಳೋರ ಹತ್ರ ಚೌಕಾಸಿ ಮಾಡಿ.

ಸಿಪಿಎಗೆ ಯಾಕೆ ದುಡ್ಡು ಸುರೀಬೇಕು ಅನ್ನೋಳು ನಾನು. ಆದ್ರೆ ಊರಲ್ಲಿ ಮ್ಯೂಚುವಲ್ ಫಂಡ್ ಇದ್ರೆ ಈ ಮಾತು ವಾಪಸ್. ಅದು ಇಲ್ಲಿ ಪಿಎಫ್‌ಐಸಿ, ಅಂದ್ರೆ ಹೊರದೇಶದ ಹೂಡಿಕೆ ಕಂಪನಿ ಅಂತ ಲೆಕ್ಕ, 8621 ಅನ್ನೋ ಫಾರ್ಮು, ಫಂಡಿಗೊಂದೊಂದು. ನನ್ನ ಮೈದುನ ಎಸ್‌ಐಪಿ ಶುರು ಮಾಡಿ ಅತ್ತಿಗೆ ಅಂತ ಹೊಸ ವರ್ಷಕ್ಕೆಲ್ಲ ಮೆಸೇಜ್ ಹಾಕ್ತಾನೆ. ಆ ಫಾರ್ಮಿನ ಸೂಚನೆ ಅವನಿಗೇ ಫಾರ್ವರ್ಡ್ ಮಾಡಿದೀನಿ, ಆಮೇಲಿಂದ ಗಪ್‌ಚುಪ್. ಇಂಥದ್ದಿದ್ರೆ ಸಿಪಿಎ ಹತ್ರ ಹೋಗಿ, ಕೇಳಿದಷ್ಟು ಕೊಡಿ.

ಓದೋಕೆ ಬಂದ ಹುಡುಗ್ರು, ಎಫ್-1 ವೀಸಾದವ್ರು, ಇದ್ಯಾವುದೂ ನಿಮಗಲ್ಲ. ಮೊದಲ ಐದು ವರ್ಷ ಸಾಮಾನ್ಯವಾಗಿ ನಿಮ್ಮದು ರೆಸಿಡೆಂಟ್ ಅಲ್ಲದವರ 1040-ಎನ್‌ಆರ್, ಜೊತೆಗೆ ಇಲ್ಲಿದ್ದ ದಿನಗಳನ್ನ ರೆಸಿಡೆಂಟ್ ಲೆಕ್ಕಕ್ಕೆ ಹಿಡಿಯಬೇಡಿ ಅಂತ ಹೇಳೋ 8843. ಸಂಪಾದನೆ ಸೊನ್ನೆ ಆದ್ರೂ 8843 ಕಳಿಸ್ಬೇಕು. ಇಂಡಿಯಾದ ವಿದ್ಯಾರ್ಥಿಗಳಿಗೆ ಇಂಡಿಯಾ-ಅಮೆರಿಕ ಟ್ಯಾಕ್ಸ್ ಒಪ್ಪಂದದ 21ನೇ ವಿಧಿಯಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುತ್ತೆ, ಎನ್‌ಆರ್ ಹಾಕೋ ಉಳಿದ ದೇಶದವರಲ್ಲಿ ಹೆಚ್ಚಿನವರಿಗೆ ಆ ಭಾಗ್ಯ ಇಲ್ಲ. ಪುಕ್ಕಟೆ ಅಂತ ಸಿಕ್ಕ ಸಾಫ್ಟ್‌ವೇರಲ್ಲಿ ಮಾಮೂಲಿ 1040 ಒತ್ತಿಬಿಡ್ಬೇಡಿ.

ಬ್ಯಾಟರಿ ಕೆಂಪಾಯ್ತು, ಓಡ್ತೀನಿ. ಏಪ್ರಿಲ್ 15ಕ್ಕೆ ಆಗಲ್ಲ ಅಂದ್ರೆ ಗಡುವು ಮುಂದೂಡೋ 4868 ಹಾಕಿ, ಅಕ್ಟೋಬರ್ 15ರವರೆಗೆ ಸಮಯ. ಫೈಲ್ ಮಾಡೋಕೆ ಮಾತ್ರ ಸಮಯ, ಕಟ್ಟೋಕಲ್ಲ. ಬಾಕಿ ಇದ್ರೆ ಅಂದಾಜು ಮಾಡಿ ಏಪ್ರಿಲಲ್ಲೇ ಕಟ್ಟಿಬಿಡಿ, ಇಲ್ದಿದ್ರೆ ಬಡ್ಡಿ ಓಡುತ್ತೆ. ಇ-ಫೈಲ್‌ಗೆ ಹೋದ ವರ್ಷದ ಎಜಿಐ, ಅಂದ್ರೆ ಹೊಂದಾಣಿಕೆ ಮಾಡಿದ ಒಟ್ಟು ಆದಾಯ, ಕೇಳುತ್ತೆ, 2024ರ 1040ಯಲ್ಲಿ 11ನೇ ಸಾಲು. ನ್ಯೂಜೆರ್ಸಿ ಫಾರ್ಮು ಬೇರೆ ಇದೆ, ಅದನ್ನ ನಾಳೆ ನಮ್ಮ ಮನೆಯವರ ಕೈಲಿ ಮಾಡಿಸ್ತೀನಿ. ಅವ್ರಿಗಿನ್ನೂ ಹೇಳಿಲ್ಲ.