ಬಡ್ಡಿ ಆಮೇಲೆ, ಮೊದಲು ಅಸಲು

ಕೇಳುಗರಿಗೆ ನಮಸ್ಕಾರ. ಭತ್ತ ಮಾರಿದ ದುಡ್ಡಿರಲಿ, ನಿವೃತ್ತಿಯ ಗಂಟಿರಲಿ, ಕೈಗೆ ಬಂದ ಕೂಡಲೇ ನಮ್ಮ ರಾಯಚೂರು, ಕೊಪ್ಪಳದ ಕಡೆ ಎಲ್ಲರೂ ಕೇಳುವುದು ಒಂದೇ: "ಬಡ್ಡಿ ಎಷ್ಟು ಬರ್ತದ?" ನಾನು ಹೇಳುವುದೂ ಒಂದೇ. ಮೊದಲು ಅಸಲು ಕೇಳಿ.

ಈಚೆಗೆ ಗಂಗಾವತಿಯ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಅಮೆರಿಕದ ಮಾರ್ಟ್‌ಗೇಜ್ ರೀಟ್ ಷೇರು ಕೊಳ್ಳುವ ಆಸೆ. ರೀಟ್ ಅಂದರೆ ಹಲವರ ಹಣ ಸೇರಿಸಿ ಕಟ್ಟಡದಲ್ಲಿ ಇಲ್ಲವೇ ಆಸ್ತಿಯ ಸಾಲದಲ್ಲಿ ತೊಡಗಿಸುವ ಸಂಸ್ಥೆ. ವರ್ಷಕ್ಕೆ 14% ಡಿವಿಡೆಂಡ್, ಅಂದರೆ ಷೇರುದಾರರಿಗೆ ಹಂಚುವ ಲಾಭ, ಸಿಗುತ್ತದೆ ಅಂತ ಮಗ ಫೋನಿನಲ್ಲಿ ತೋರಿಸಿದ್ದನಂತೆ. "ಬ್ಯಾಂಕಿನಲ್ಲಿ ಇದರ ಅರ್ಧನೂ ಸಿಗಲ್ಲ ಸರ್" ಅಂದರು.

"ಮೇಷ್ಟ್ರೇ, ಇದು ಕಟ್ಟಡದ ಬಾಡಿಗೆ ಅಲ್ಲ" ಅಂದೆ. ಇವು ಜನರ ಮನೆಸಾಲದ ಪತ್ರಗಳನ್ನು ಕೊಳ್ಳುವ ಕಂಪನಿಗಳು. ಅದೂ ಸಾಲ ತಂದು. ತರುವ ಸಾಲ ಬಹುತೇಕ ಕೆಲವೇ ತಿಂಗಳಿನದು, ಮನೆಸಾಲ 30 ವರ್ಷದ್ದು. ಅಡತಿ ಅಂಗಡಿಯಲ್ಲಿ ವಾರದ ಕೈಸಾಲ ತಂದು, ಮೂರು ವರ್ಷದ ಮಾತಿಗೆ ಇನ್ನೊಬ್ಬರಿಗೆ ಬಡ್ಡಿಗೆ ಬಿಟ್ಟಂತೆ. 2022ರ ಆರಂಭದಲ್ಲಿ ಅಮೆರಿಕದ ಕೇಂದ್ರ ಬ್ಯಾಂಕ್ ಫೆಡ್ ನಿಗದಿ ಮಾಡುವ ಬಡ್ಡಿ ಸೊನ್ನೆಯ ಹತ್ತಿರ ಇತ್ತು. 2023ರಲ್ಲಿ 5% ದಾಟಿತು. ತಂದ ಸಾಲ ದುಬಾರಿ ಆಯಿತು, ಹೊಸ ಪತ್ರಗಳಿಗೆ ಹೆಚ್ಚು ಬಡ್ಡಿ ಸಿಗುವಾಗ ಕೈಯಲ್ಲಿದ್ದ ಹಳೇ ಪತ್ರಗಳ ಬೆಲೆ ಕುಸಿಯಿತು.

ಮೇಷ್ಟ್ರು ಇನ್ನೂ ಒಪ್ಪಲಿಲ್ಲ. ಅವರ ಡೈರಿಯಲ್ಲೇ ಪೆನ್ಸಿಲಿನಿಂದ ಎರಡು ಸಾಲು ಬರೆಸಿದೆ. ಎಜಿಎನ್‌ಸಿ ಅನ್ನುವ ಹೆಸರುವಾಸಿ ಮಾರ್ಟ್‌ಗೇಜ್ ರೀಟ್. 2012ರಲ್ಲಿ ಷೇರಿನ ಬೆಲೆ 30 ಡಾಲರ್ ಆಸುಪಾಸು, ವರ್ಷದ ಡಿವಿಡೆಂಡ್ 5 ಡಾಲರ್. 2023ರಲ್ಲಿ ಬೆಲೆ 10 ಡಾಲರ್ ಆಸುಪಾಸು, ಡಿವಿಡೆಂಡ್ 1.44 ಡಾಲರ್. ಶೇಕಡಾ ಲೆಕ್ಕ ಹಾಕಿ ನೋಡಿ: ಎರಡೂ ವರ್ಷ 14ರ ಮೇಲೆಯೇ! ಶೇಕಡಾ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಕೆಳಗೆ ಅಸಲು ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಅವರು ಗಣಿತದ ಮೇಷ್ಟ್ರು, ಮತ್ತೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಪೆನ್ಸಿಲಿನಿಂದ ಆ 30ರ ಸುತ್ತ ಒಂದು ಗೆರೆ ಎಳೆದರು.

ಸಮಯ ಕಮ್ಮಿ ಇದೆ, ಬೇಗ ಹೇಳಿಬಿಡುತ್ತೇನೆ. ತೆರಿಗೆಗೆ ಒಳಪಡುವ ಆದಾಯದಲ್ಲಿ ಕನಿಷ್ಠ 90% ಹಂಚಲೇಬೇಕು ಅನ್ನುವುದು ಅಮೆರಿಕದ ರೀಟ್ ಕಾನೂನು. ಹಾಗಾಗಿ ಕೆಟ್ಟ ಕಾಲಕ್ಕೆ ಎತ್ತಿಟ್ಟುಕೊಳ್ಳಲು ಕಂಪನಿಗೆ ಹೆಚ್ಚೇನೂ ಉಳಿಯುವುದಿಲ್ಲ. ಡಿವಿಡೆಂಡಿನಲ್ಲಿ 25% ಅಲ್ಲೇ ತೆರಿಗೆಗೆ ಮುರಿಯುತ್ತಾರೆ, ನಿಮ್ಮ 14 ಅಲ್ಲಿಗೆ ಹತ್ತೂವರೆ. ನಮ್ಮ ದೇಶದಲ್ಲೂ ರೀಟ್ ಇವೆ. ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮ 2014ರಲ್ಲಿ ಬಂತು, ಮೊದಲ ರೀಟ್ 2019ರಲ್ಲಿ ಷೇರುಪೇಟೆಗೆ ಬಂತು. ಅವುಗಳ ಆದಾಯ ಮುಖ್ಯವಾಗಿ ಕಟ್ಟಡದ ಬಾಡಿಗೆಯಿಂದ. ಎರಡನ್ನೂ ಒಂದೇ ಅಂತ ತಿಳಿಯಬೇಡಿ.

ಇಷ್ಟಾದರೂ ಕೊಳ್ಳಲೇಬೇಕು ಅನ್ನುವವರು ಆ ಕಂಪನಿಯ ಹತ್ತು ವರ್ಷದ ಷೇರು ಬೆಲೆ, ಬುಕ್ ವ್ಯಾಲ್ಯೂ (ಸಾಲ ಕಳೆದು ಒಂದು ಷೇರಿನ ಪಾಲಿಗೆ ಉಳಿಯುವ ಆಸ್ತಿಯ ಮೌಲ್ಯ) ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಡಿವಿಡೆಂಡ್ ಕಾಲಂ ಕೊನೆಗೆ ತುಂಬಿ. ನಮಸ್ಕಾರ.