ಸೆಲ್ ಇಲ್ಲದೆ ಮಾತಾಡುವ ಸ್ಟಿಕ್ಕರ್

ಕೇಳುಗರಿಗೆ ನಮಸ್ಕಾರ.

ಹೈವೇಯಲ್ಲಿ ಟೋಲ್ ಗೇಟು ಬಂತು. ಗಾಡಿ ನಿಧಾನವಾಯಿತು, ಗೇಟು ಮೇಲೆದ್ದಿತು, ಮೊಬೈಲಿಗೆ ದುಡ್ಡು ಕಟ್ ಆದ ಮೆಸೇಜು ಬಂತು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಇದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಗಾಜಿಗೆ ಅಂಟಿಸಿದ ಆ ಸ್ಟಿಕ್ಕರಿಗೆ ನೀವು ಯಾವತ್ತಾದರೂ ಚಾರ್ಜ್ ಹಾಕಿದ್ದೀರಾ? ಇಲ್ಲ ಅಲ್ವಾ? ಅದರೊಳಗೆ ಸೆಲ್ಲೇ ಇಲ್ಲ. ಇರುವುದು ಎಳ್ಳಿಗಿಂತ ಸಣ್ಣದೊಂದು ಚಿಪ್, ಅದಕ್ಕೆ ಹೊಂದಿಕೊಂಡ ತೆಳ್ಳನೆ ಲೋಹದ ಗೆರೆ. ಆ ಗೆರೆಯೇ ಆಂಟೆನಾ. ಇಂಥದ್ದಕ್ಕೆ ಆರ್‌ಎಫ್‌ಐಡಿ ಟ್ಯಾಗ್ ಅನ್ನುತ್ತಾರೆ.

ಹಾಗಾದರೆ ಕರೆಂಟ್ ಎಲ್ಲಿಂದ ಬರುತ್ತದೆ? ಹಳಬರಿಗೆ ಕ್ರಿಸ್ಟಲ್ ರೇಡಿಯೊ ನೆನಪಿರಬಹುದು. ಉದ್ದನೆಯ ತಂತಿ, ಒಂದು ಸುರುಳಿ, ಒಂದು ಹರಳು, ಕಿವಿಗೊಂದು ಇಯರ್‌ಫೋನ್. ಸೆಲ್ ಇಲ್ಲದಿದ್ದರೂ ಸ್ಟೇಷನ್ ಕೇಳಿಸುತ್ತಿತ್ತು. ರೇಡಿಯೊ ಅಲೆ ದನಿಯ ಜೊತೆಗೆ ಒಂದು ತೊಟ್ಟು ಶಕ್ತಿಯನ್ನೂ ಹೊತ್ತು ತರುತ್ತದೆ. ಟ್ಯಾಗ್ ಬದುಕುವುದೂ ಆ ತೊಟ್ಟಿನ ಮೇಲೆಯೇ. ಟೋಲಿನಲ್ಲಿರುವ ರೀಡರ್ ಅಲೆ ಬಿಡುತ್ತದೆ, ಟ್ಯಾಗ್ ಅದರಿಂದಲೇ ಎಚ್ಚರಗೊಳ್ಳುತ್ತದೆ. ಅದಕ್ಕೆ ಬೇಕಾಗುವುದು ಹತ್ತಿಪ್ಪತ್ತು ಮೈಕ್ರೊವಾಟ್ ಅಷ್ಟೇ. ಒಂದು ವಾಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಮೈಕ್ರೊವಾಟ್. ಹತ್ತು ಅಂತಲೇ ಇಟ್ಟುಕೊಳ್ಳಿ. ನಿಮ್ಮ ಮನೆಯ 9 ವಾಟಿನ ಒಂದು ಬಲ್ಬು ತಿನ್ನುವ ಶಕ್ತಿ ಇಂಥ 9 ಲಕ್ಷ ಟ್ಯಾಗ್‌ಗಳಿಗೆ ಸಾಕು!

ಇಷ್ಟು ಕಡಿಮೆ ಶಕ್ತಿಯಲ್ಲಿ ಉತ್ತರ ಕೊಡುವುದು ಹೇಗೆ? ಚಿಕ್ಕವರಿದ್ದಾಗ ಕನ್ನಡಿ ಚೂರು ಹಿಡಿದು ಎದುರುಮನೆ ಗೋಡೆಯ ಮೇಲೆ ಬಿಸಿಲು ಆಡಿಸಿದ್ದೀರಲ್ಲ, ಹಾಗೆ. ಕನ್ನಡಿಗೆ ಸ್ವಂತ ಬೆಳಕಿಲ್ಲ. ಕೈ ಅಡ್ಡ ಇಟ್ಟು ತೆಗೆದು ಮಾಡಿದರೆ ಅದೇ ಒಂದು ಸನ್ನೆ. ಟ್ಯಾಗ್ ಕೂಡ ತಾನಾಗಿ ಅಲೆ ಹುಟ್ಟಿಸುವುದಿಲ್ಲ. ಬಂದ ಅಲೆಯನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಹಿಂದಕ್ಕೆ ಕಳಿಸುತ್ತದೆ. ಆ ಏರಿಳಿತದಲ್ಲೇ ಅದರ ನಂಬರು ಇರುತ್ತದೆ. ಹ್ಯಾರಿ ಸ್ಟಾಕ್‌ಮನ್ ಎಂಬ ಎಂಜಿನಿಯರ್ 1948ರಲ್ಲೇ ಈ ಬಗ್ಗೆ ಬರೆದಿದ್ದರು. ಮಾಡಬೇಕಾದ ಕೆಲಸ ಇನ್ನೂ ಬಹಳ ಇದೆ ಅಂತಲೂ ಹೇಳಿದ್ದರು. ನಿಜವೇ. ಚಿಪ್ಪು ಸಣ್ಣದಾಗುವ ತನಕ ಕಾಯಬೇಕಾಯಿತು.

ಒಂದೇ ಗೋದಾಮಿನಲ್ಲಿ ಸಾಮಾನುಗಳಿಗೆ ಅಂಟಿಸಿದ ನೂರಾರು ಟ್ಯಾಗ್ ಒಟ್ಟಿಗೆ ಕೂಗಿದರೆ ಏನು ಗತಿ? ಇದಕ್ಕೆ ಪರಿಹಾರದ ಬೇರು ಹವಾಯಿ ವಿಶ್ವವಿದ್ಯಾಲಯದಲ್ಲಿದೆ. ಬೇರೆಬೇರೆ ದ್ವೀಪಗಳಿಂದ ಒಂದೇ ಕಂಪ್ಯೂಟರಿಗೆ ರೇಡಿಯೊ ಮೂಲಕ ಮಾತಾಡಲು ನಾರ್ಮನ್ ಅಬ್ರಾಮ್ಸನ್ ತಂಡ 1971ರಲ್ಲಿ ಅಲೋಹಾ ಎಂಬ ಜಾಲ ಶುರು ಮಾಡಿತು. ಇಬ್ಬರ ಮಾತು ಡಿಕ್ಕಿಯಾದರೆ, ಇಬ್ಬರೂ ಮನಸ್ಸಿಗೆ ಬಂದಷ್ಟು ಹೊತ್ತು ಸುಮ್ನಿದ್ದು ಮತ್ತೆ ಮಾತಾಡಬೇಕು. ಇವತ್ತಿನ ಟ್ಯಾಗ್‌ಗಳು ಅದೇ ಉಪಾಯದ ಸುಧಾರಿಸಿದ ರೂಪ ಬಳಸುತ್ತವೆ. ಪ್ರತಿಯೊಂದೂ ತನಗೊಂದು ಸರದಿ ಚೀಟಿ ಎತ್ತಿಕೊಂಡು ಕಾಯುತ್ತದೆ.

ಇನ್ನು ನನಗೆ ತುಂಬ ಹಿಡಿಸಿದ ಸಂಶೋಧನೆಗೆ ಬರುತ್ತೇನೆ. ಈ ಟ್ಯಾಗ್‌ಗಳಿಗೆ ಒಂದು ತೊಂದರೆ ಇದೆ. ನೀರಿನ ಬಾಟಲಿಗೆ ಅಂಟಿಸಿದರೆ ಸರಿಯಾಗಿ ಓದಲು ಬರುವುದಿಲ್ಲ. ಒಳಗಿರುವ ವಸ್ತು ಆಂಟೆನಾದ ಶ್ರುತಿಯನ್ನೇ ಕೆಡಿಸಿಬಿಡುತ್ತದೆ. ಬಹಳ ಜನ ಇದನ್ನು ತಪ್ಪಿಸುವುದು ಹೇಗೆ ಅಂತ ನೋಡಿದರು. ಅಮೆರಿಕದ ಎಂಐಟಿಯಲ್ಲಿ ಫಾದೆಲ್ ಅದೀಬ್ ಅವರ ತಂಡ ಬೇರೆಯೇ ದಾರಿ ಹಿಡಿಯಿತು. ಶ್ರುತಿ ಎಷ್ಟು ಕೆಟ್ಟಿದೆ ಅಂತ ಅಳೆದರೆ ಒಳಗೇನಿದೆ ಅಂತ ಹೇಳಬಹುದಲ್ಲ? 2018ರಲ್ಲಿ ಅವರು ಪ್ರಯೋಗ ಮಾಡಿ ತೋರಿಸಿದರು. ಮಗುವಿನ ಹಾಲಿನ ಪುಡಿಯಲ್ಲಿ ಮೆಲಮೈನ್ ಎಂಬ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕ ಬೆರೆತಿದ್ದರೆ 96%, ಮದ್ಯದಲ್ಲಿ ಮೆಥನಾಲ್ ಎಂಬ ವಿಷದ ಆಲ್ಕೋಹಾಲ್ ಇದ್ದರೆ 97% ಸರಿಯಾಗಿ ಗೊತ್ತಾಯಿತು. ಡಬ್ಬ ಬಿಚ್ಚುವ ಕೆಲಸವೇ ಇಲ್ಲ.

ಇದು ಸಣ್ಣ ಮಾತಲ್ಲ. 2008ರಲ್ಲಿ ಚೀನಾದಲ್ಲಿ ಮೆಲಮೈನ್ ಬೆರೆತ ಹಾಲಿನ ಪುಡಿಯಿಂದ ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. 1981ರಲ್ಲಿ ನಮ್ಮ ಬೆಂಗಳೂರಿನಲ್ಲೇ ವಿಷದ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಬಡವರು. ಆ ಮೆಥನಾಲನ್ನು ಕಣ್ಣಿಂದ ನೋಡಿ ಕಂಡುಹಿಡಿಯಲು ಆಗುವುದಿಲ್ಲ. ಪ್ರಯೋಗಶಾಲೆಯಿಂದ ಅಂಗಡಿಗೆ ದಾರಿ ದೂರ, ಒಪ್ಪುತ್ತೇನೆ. ಆದರೂ ನನ್ನ ಮಟ್ಟಿಗೆ, ಟೋಲ್ ಬೇಗ ದಾಟುವುದಕ್ಕಿಂತ ಇದು ನೂರು ಪಾಲು ಬೇಕಾದ ಕೆಲಸ.

ಕೊನೆಗೆ ನಮ್ಮ ರೇಡಿಯೊಗೇ ಸೇರಿದ ಒಂದು ವಿಷಯ. ರೀಡರ್ ಬಿಡುವ ಅಲೆಯೇ ಯಾಕೆ ಬೇಕು, ಊರ ತುಂಬ ಎಫ್‌ಎಂ ಅಲೆಗಳೇ ಇವೆಯಲ್ಲ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಈ ಪ್ರಶ್ನೆ ಎದ್ದಿತು. ಅಲ್ಲಿನ ಪ್ರಾಧ್ಯಾಪಕ ಶ್ಯಾಮ್ ಗೊಲ್ಲಕೋಟ ಓದಿದ್ದು ಮದ್ರಾಸ್ ಐಐಟಿಯಲ್ಲಿ. ಅವರ ತಂಡ 2017ರಲ್ಲಿ ಒಂದು ಪೋಸ್ಟರ್ ಮಾಡಿತು. ಅದರಲ್ಲಿ ಲೋಹದ ಪಟ್ಟಿಯ ಆಂಟೆನಾ. ಊರಿನ ಎಫ್‌ಎಂ ಕೇಂದ್ರದ ಅಲೆಯನ್ನೇ ಹಿಡಿದು, ಅದಕ್ಕೆ ತನ್ನ ಹಾಡು ಸೇರಿಸಿ, ಪಕ್ಕದ ಖಾಲಿ ತರಂಗಕ್ಕೆ ಎಸೆಯುತ್ತಿತ್ತು. ಹತ್ತಿರ ನಿಂತವರು ಸಾಮಾನ್ಯ ಎಫ್‌ಎಂನಲ್ಲೇ ಅದನ್ನು ಕೇಳಬಹುದಿತ್ತು. ಖರ್ಚಾದದ್ದು 11 ಮೈಕ್ರೊವಾಟ್.

ನನಗೆ ಆಗ ನೆನಪಾದದ್ದು ಬಸ್‌ಸ್ಟ್ಯಾಂಡು. ಕಣ್ಣು ಕಾಣದ ಒಬ್ಬರು ಕಂಬದ ಹತ್ತಿರ ನಿಲ್ಲುತ್ತಾರೆ. ಕೈಯಲ್ಲಿ ಪುಟ್ಟ ರೇಡಿಯೊ. ಆ ಪೋಸ್ಟರಿನಂಥ ಒಂದು ಫಲಕವೇ ಅವರ ಕಿವಿಗೆ ಸ್ಟಾಪಿನ ಹೆಸರು, ಬಸ್ಸಿನ ನಂಬರು ಹೇಳುತ್ತದೆ. ಫಲಕಕ್ಕೆ ವೈರ್ ಎಳೆಯಬೇಕಿಲ್ಲ. ಪುಟ್ಟದೊಂದು ಸೆಲ್ ಇದ್ದು, ಹತ್ತಿರದ ಎಫ್‌ಎಂ ಕೇಂದ್ರ ಕೆಲಸ ಮಾಡುತ್ತಿದ್ದರೆ ಆಯಿತು.

ನಮಸ್ಕಾರ.